ನಿಮಗಿದು ಗೊತ್ತೇ? ಅಲುಗಿದ್ದೇ ಕಣ್ಣಿಗೆ ಬಿತ್ತು!

ಯೂಟ್ಯೂಬ್‌ನಲ್ಲಿ ಹಾಡು ಹಾಕಿದರೆ ಮೊದಲು ಬರುವುದು ಜಾಹೀರಾತು. ಬೆರಳು ಆಗಲೇ ‘ಸ್ಕಿಪ್’ ಗುಂಡಿಯ ಹತ್ತಿರ ಕಾದು ಕೂತಿರುತ್ತದೆ. ಜಾಹೀರಾತು ಮಾಡಿದವರ ಕೈಯಲ್ಲಿರುವುದು ಐದೇ ಸೆಕೆಂಡು. ನಮ್ಮ ಟಿ.ವಿ. ಲೆಕ್ಕದಲ್ಲಿ ಸೆಕೆಂಡಿಗೆ 25 ಫ್ರೇಮು, ಒಟ್ಟು 125 ಚಿತ್ರ. ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತದೆ, ಒಟ್ಟು ಹದಿನೈದು ನೋಟ. ಇಷ್ಟರೊಳಗೆ ನೋಡುಗರನ್ನು ಹಿಡಿಯಲು ಜಾಹೀರಾತಿನವರು ನೆಚ್ಚಿಕೊಂಡ ಹಳೆಯ ಉಪಾಯ ಚಲನೆ. ಆದರೆ ಪರದೆ ತುಂಬ ಕುಣಿದಾಡಿಸಿದರೆ ಕೆಲಸ ಮುಗಿಯಿತು ಎಂದೇನಿಲ್ಲ. ಯಾವುದು ಅಲುಗಬೇಕು, ಯಾವಾಗ ಅಲುಗಬೇಕು, ಯಾವುದು ಸುಮ್ಮನಿರಬೇಕು ಎನ್ನುವುದರಲ್ಲಿದೆ ಗುಟ್ಟು. ಬನ್ನಿ, ಒಂದೊಂದಾಗಿ ನೋಡೋಣ.

ತೆರೆ ಅಲುಗಿದ ಕಾಲ

● ಸಿನಿಮಾದ ಮೊದಲ ‘ಹುಕ್’, ಅಂದರೆ ನೋಡುಗರನ್ನು ಹಿಡಿಯುವ ಕೊಕ್ಕೆ, ಯಾವುದು ಗೊತ್ತೇ? 1895ರ ಡಿಸೆಂಬರ್ 28, ಪ್ಯಾರಿಸ್ಸಿನ ಗ್ರಾಂಡ್ ಕೆಫೆ. ಲ್ಯೂಮಿಯೇರ್ ಸಹೋದರರ ಪ್ರದರ್ಶನ. ತೆರೆಯ ಮೇಲೆ ಮೊದಲು ಮೂಡಿದ್ದು ಲಿಯಾನ್ ನಗರದ ಚೌಕವೊಂದರ ಸ್ತಬ್ಧಚಿತ್ರ. ಸಭೆಯಲ್ಲಿದ್ದ ಜಾದೂಗಾರ ಜಾರ್ಜ್ ಮೆಲಿಯೆಸ್‌ಗೆ ನಿರಾಸೆ. ಇಂಥವನ್ನು ನಾನು ವರ್ಷಗಳಿಂದ ತೋರಿಸುತ್ತಿದ್ದೇನಲ್ಲ ಎಂದು ಪಕ್ಕದವರಲ್ಲಿ ಗೊಣಗುವಷ್ಟರಲ್ಲಿ ಚಿತ್ರದೊಳಗಿನ ಕುದುರೆ ಗಾಡಿ ಎಳೆಯುತ್ತ ಸಭಿಕರತ್ತಲೇ ನಡೆದು ಬಂತು! ಎಲ್ಲರೂ ಬೆಕ್ಕಸಬೆರಗಾದರು ಎಂದು ಮುಂದೆ ನೆನಪಿಸಿಕೊಂಡವರು ಮೆಲಿಯೆಸ್ಸರೇ.

● ಮೊದಲು ನಿಂತ ಚಿತ್ರ, ಆಮೇಲೆ ಚಲನೆ ಎಂಬುದು ಲ್ಯೂಮಿಯೇರ್ ತಂಡದ ರೂಢಿಯಾಗಿತ್ತು. 1896ರಲ್ಲಿ ರಷ್ಯಾದ ನಿಝ್ನಿ ನವ್ಗರದ್‌ನಲ್ಲಿ ಇದನ್ನು ನೋಡಿದ ಸಾಹಿತಿ ಮ್ಯಾಕ್ಸಿಂ ಗೋರ್ಕಿ, ಪ್ಯಾರಿಸ್ಸಿನ ಬೀದಿಯ ಚಿತ್ರ ಒಮ್ಮೆ ನಡುಗಿ ಜೀವ ತಳೆದ ಬಗೆಯನ್ನು ಪತ್ರಿಕೆಗೆ ಬರೆದರು. ಪ್ರೇಕ್ಷಕರನ್ನು ಕೆಣಕಿದ್ದು ಬರೀ ಚಲನೆಯಲ್ಲ, ಸ್ತಬ್ಧತೆ ಒಡೆದ ಕ್ಷಣ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಪ್ರಯೋಗಾಲಯದಲ್ಲಿ ಇದು ಸಾಬೀತಾಗಲು ನೂರು ವರ್ಷ ಬೇಕಾಯಿತು.

● ಅದೇ ವರ್ಷದ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಚಿತ್ರಗಳು ಭಾರತಕ್ಕೆ ಕಾಲಿಟ್ಟವು. ಪಟ್ಟಿಯಲ್ಲಿ ಇದ್ದದ್ದು ನಿಲ್ದಾಣಕ್ಕೆ ಬರುವ ರೈಲು, ಕಾರ್ಖಾನೆಯಿಂದ ಹೊರಬೀಳುವ ಕೆಲಸಗಾರರು, ಕುಸಿಯುವ ಗೋಡೆ. ಎಲ್ಲವೂ ಅಲುಗುವ ಸಂಗತಿಗಳೇ!

● ಜಾಹೀರಾತು ಚಿತ್ರಕ್ಕೆ ಸಿನಿಮಾದಷ್ಟೇ ವಯಸ್ಸು ಎಂದರೂ ತಪ್ಪಿಲ್ಲ. 1897ರಲ್ಲಿ ಎಡಿಸನ್ ಕಂಪನಿ ‘ಅಡ್ಮಿರಲ್’ ಸಿಗರೇಟಿಗಾಗಿ ಪುಟ್ಟ ಚಿತ್ರ ತೆಗೆಯಿತು. ಕೂತು ಹರಟುವ ಗಂಡಸರು, ಪಕ್ಕದಲ್ಲೊಂದು ದೈತ್ಯ ಸಿಗರೇಟು ಪೆಟ್ಟಿಗೆ. ಅದು ತಟ್ಟನೆ ಬಿಚ್ಚಿಕೊಂಡು ಒಳಗಿನಿಂದ ಹೆಣ್ಣೊಬ್ಬಳು ಹೊರಬಂದು ಎಲ್ಲರಿಗೂ ಸಿಗರೇಟು ಹಂಚುತ್ತಾಳೆ. ಅಲುಗಿದ್ದು ಮಾರಬೇಕಾದ ಸರಕಿನ ಪೆಟ್ಟಿಗೆಯೇ ಎನ್ನುವುದನ್ನು ಗಮನಿಸಿ.

● ಅಮೆರಿಕದ ಮೊದಲ ಅಧಿಕೃತ ಟಿ.ವಿ. ಜಾಹೀರಾತು ಬಂದದ್ದು 1941ರ ಜುಲೈ 1ರಂದು, ನ್ಯೂಯಾರ್ಕಿನಲ್ಲಿ, ಬೇಸ್‌ಬಾಲ್ ಪಂದ್ಯಕ್ಕೆ ಮುಂಚೆ. ಸರಕು ಬುಲೋವಾ ಗಡಿಯಾರ. ಒಟ್ಟು ಖರ್ಚು 9 ಡಾಲರು. ಪರದೆಯ ಮೇಲೆ ಗಡಿಯಾರದ ಮುಖ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆ ನಿಶ್ಚಲ ಚಿತ್ರದಲ್ಲಿ ಓಡುತ್ತಿದ್ದುದು ಸೆಕೆಂಡಿನ ಮುಳ್ಳು!

● ನಮ್ಮ ಊರಿನ ಟಾಕೀಸುಗಳಲ್ಲಿ ಜವಳಿ ಅಂಗಡಿ, ಬೆಳ್ಳಿ–ಬಂಗಾರದ ಅಂಗಡಿಗಳ ಜಾಹೀರಾತು ಗಾಜಿನ ಸ್ಲೈಡುಗಳಲ್ಲಿ ಬರುತ್ತಿತ್ತು. ಅದು ಜನ ಸೀಟು ಹುಡುಕುವ, ಕಡಲೆಕಾಯಿ ಕೊಳ್ಳುವ ಹೊತ್ತು. ತೆರೆಯ ಮೇಲೆ ಏನಾದರೂ ಓಡಾಡತೊಡಗಿದಾಗಲೇ ಸಭೆ ಅತ್ತ ತಿರುಗುತ್ತಿತ್ತು.

● ದೂರದರ್ಶನ ಜಾಹೀರಾತಿಗೆ ಬಾಗಿಲು ತೆರೆದದ್ದು 1976ರ ಜನವರಿ 1ರಂದು. ಆ ದಿನಗಳ ಪ್ರೇಕ್ಷಕರನ್ನು ಟಿ.ವಿ. ಮುಂದೆ ಕರೆಯುತ್ತಿದ್ದುದು ದೂರದರ್ಶನದ ಲಾಂಛನ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ದೇವಾಶಿಸ್ ಭಟ್ಟಾಚಾರ್ಯ ಬರೆದ ಆ ಎರಡು ಬಾಗಿದ ಆಕಾರಗಳು ತಿರುಗುತ್ತ ತಿರುಗುತ್ತ ಕಣ್ಣಾಗಿ ಕೂಡಿಕೊಳ್ಳುತ್ತಿದ್ದವು. ಒಳಮನೆಯಲ್ಲಿದ್ದವರನ್ನು ಸಂಗೀತ ಎಬ್ಬಿಸುತ್ತಿತ್ತು, ಎದುರಿಗೆ ಕೂತವರನ್ನು ಆ ತಿರುಗಾಟ ಹಿಡಿದಿಡುತ್ತಿತ್ತು.

● ಚಲನೆ ಕಾಣಲು ಏನೂ ಚಲಿಸಬೇಕಾಗಿಲ್ಲ! ದಸರೆಯ ದೀಪಾಲಂಕಾರದಲ್ಲಿ ‘ಓಡುವ’ ಬಲ್ಬುಗಳನ್ನು ನೋಡಿದ್ದೀರಲ್ಲ? ಒಂದೂ ಜಾಗ ಬಿಟ್ಟು ಕದಲುವುದಿಲ್ಲ, ಸರದಿಯಂತೆ ಹೊತ್ತಿ ಆರುತ್ತವೆ ಅಷ್ಟೆ. ಈ ಭ್ರಮೆಯನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ವಿವರಿಸಿ ‘ಫೈ’ ಎಂದು ಹೆಸರಿಟ್ಟರು. 1928ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಚೌಕದ ಕಟ್ಟಡವೊಂದಕ್ಕೆ ಸುತ್ತ ಸುಮಾರು 14,800 ಬಲ್ಬು ಜೋಡಿಸಿ ಸುದ್ದಿಯನ್ನೇ ಓಡಿಸಿದರು.

ಕಣ್ಣಿನೊಳಗಿನ ಕಾವಲುಗಾರ

● ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿ. ನಿಮಗೆ ನಿಚ್ಚಳವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. ಉಳಿದದ್ದೆಲ್ಲ ಮಸುಕು. ಆದರೆ ಆ ಮಸುಕು ಅಂಚಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು: ಏನಾದರೂ ಅಲುಗಿದರೆ ಕೂಡಲೇ ದೂರು ಕೊಡುವುದು. ದೂರು ಬಂದ ಸುಮಾರು ಐದನೇ ಒಂದು ಸೆಕೆಂಡಿನಲ್ಲಿ ಕಣ್ಣು ಅತ್ತ ಹಾರುತ್ತದೆ.

● ಬೌಲರ್ ಓಡಿ ಬರುತ್ತಿದ್ದಾಗ ಸೈಟ್‌ಸ್ಕ್ರೀನ್ ಪಕ್ಕ ಯಾರೋ ಎದ್ದು ನಡೆದರೆ ಬ್ಯಾಟರ್ ಕೈ ಎತ್ತಿ ನಿಲ್ಲಿಸುವುದು ಸುಮ್ಮನೆ ಅಲ್ಲ. ಎಷ್ಟೇ ಏಕಾಗ್ರತೆ ಇದ್ದರೂ ಆ ಅಲುಗಾಟ ನೋಟವನ್ನು ಕದಿಯುತ್ತದೆ. ಬ್ಯಾಟರ್‌ಗೆ ಬೇಡವಾದ ಅದೇ ಕಳ್ಳತನ ಜಾಹೀರಾತಿನವರ ಹೊಟ್ಟೆಪಾಡು!

● ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ, ಮನಸ್ಸನ್ನು ಕೇಳದೆ ಗಮನ ಸೆಳೆಯುವ ವಸ್ತುಗಳ ಪಟ್ಟಿ ಮಾಡಿದಾಗ ಚಲಿಸುವ ವಸ್ತುಗಳನ್ನೂ ಸೇರಿಸಿದ್ದರು. ನಾಯಿ ಮತ್ತು ಗಂಟೆಯ ಪ್ರಯೋಗಕ್ಕೆ ಹೆಸರಾದ ರಷ್ಯಾದ ಪಾವ್ಲೊವ್ ಇದನ್ನು ‘ಏನದು?’ ಎಂಬ ಪ್ರತಿವರ್ತನೆ ಎಂದು ಕರೆದರು. ಹೊಸತೇನೋ ಘಟಿಸಿದಾಗ ತಲೆ ತಿರುಗುತ್ತದೆ, ಎದೆಬಡಿತ ಕ್ಷಣಕಾಲ ನಿಧಾನವಾಗುತ್ತದೆ. ಅದೇ ಸಂಗತಿ ಮತ್ತೆ ಮತ್ತೆ ಬಂದರೆ ಪ್ರತಿವರ್ತನೆ ಸತ್ತುಹೋಗುತ್ತದೆ. ಅದೇ ಜಾಹೀರಾತನ್ನು ಹತ್ತನೇ ಸಲ ನೋಡುವಾಗ ಆಗುವುದೂ ಇದೇ.

● ಕಪ್ಪೆಯ ಸುತ್ತ ಸತ್ತ ನೊಣಗಳ ರಾಶಿಯನ್ನೇ ಹಾಕಿ, ಅದು ಉಪವಾಸ ಸಾಯಬಹುದು! ವಿಜ್ಞಾನಿ ಜೆರೋಮ್ ಲೆಟ್‌ವಿನ್ ಮತ್ತು ಸಂಗಡಿಗರು 1959ರ ಹೆಸರಾಂತ ಪ್ರಬಂಧದಲ್ಲಿ ತೋರಿಸಿದಂತೆ, ಕಪ್ಪೆಯ ಕಣ್ಣಿನಲ್ಲೇ ಚಲಿಸುವ ಪುಟ್ಟ ಕಪ್ಪು ಚುಕ್ಕೆಗೆ ಮಿಡಿಯುವ ನರತಂತುಗಳಿವೆ. ಅಲುಗದ ಊಟ ಅದರ ಪಾಲಿಗೆ ಊಟವೇ ಅಲ್ಲ.

● ಈಗ ಮುಖ್ಯ ವಿಚಾರ. 2003ರಲ್ಲಿ ರಿಚರ್ಡ್ ಏಬ್ರಮ್ಸ್ ಮತ್ತು ಶಾನ್ ಕ್ರೈಸ್ಟ್ ಎಂಬ ಅಮೆರಿಕದ ಸಂಶೋಧಕರು ಪರದೆಯ ಮೇಲೆ ಹಲವು ಆಕಾರಗಳನ್ನು ತೋರಿಸಿದರು. ಕೆಲವು ಮೊದಲಿನಿಂದಲೂ ಚಲಿಸುತ್ತಿದ್ದವು, ಕೆಲವು ನಿಂತಿದ್ದವು, ಒಂದು ನಿಂತಿದ್ದದ್ದು ಹಠಾತ್ತನೆ ಹೊರಟಿತು. ಗಮನ ಕದ್ದದ್ದು ಯಾವುದು? ಹೊಸದಾಗಿ ಹೊರಟದ್ದು. ಮೊದಲಿನಿಂದ ಓಡುತ್ತಲೇ ಇದ್ದದ್ದಕ್ಕೆ ಆ ಶಕ್ತಿ ಇರಲಿಲ್ಲ. ಗೋರ್ಕಿ ಬೆರಗಾದದ್ದಕ್ಕೆ ಕಾರಣ ಇಲ್ಲಿದೆ. ಮೊದಲ ಫ್ರೇಮಿನಿಂದಲೇ ಎಲ್ಲವನ್ನೂ ಕುಣಿಸುವ ಜಾಹೀರಾತು ಸೋಲುವುದಕ್ಕೂ ಇದೇ ಕಾರಣ.

● ದೂರ ಹೋಗುವುದಕ್ಕಿಂತ ಹತ್ತಿರ ಬರುವುದು ಬಲಶಾಲಿ. ಅದೇ 2003ರಲ್ಲಿ ಸ್ಟೀವನ್ ಫ್ರಾಂಕೊನೆರಿ ಮತ್ತು ಡೇನಿಯಲ್ ಸೈಮನ್ಸ್ ನಡೆಸಿದ ಪ್ರಯೋಗದಲ್ಲಿ ನೋಡುಗರತ್ತ ಬೆಳೆಯುತ್ತ ಬರುವ ವಸ್ತು ಗಮನ ಸೆಳೆಯಿತು, ಹಿಂದೆ ಸರಿಯುವ ವಸ್ತು ಸೆಳೆಯಲಿಲ್ಲ. ಮೈಮೇಲೆ ಬರುವುದನ್ನು ಅಲಕ್ಷಿಸಿದ ಜೀವಿಗಳ ಸಂತತಿ ಉಳಿಯುವುದು ಕಷ್ಟ ತಾನೆ? ಶಾಂಪೂ ಬಾಟಲಿ, ಬಿಸ್ಕತ್ತು, ಕಾರು ಎಲ್ಲವೂ ಕ್ಯಾಮೆರಾದತ್ತ ನುಗ್ಗುವುದು ಇದಕ್ಕೇ.

● ಇದನ್ನು ಮಿಡತೆಯೂ ಒಪ್ಪುತ್ತದೆ. ಬ್ರಿಟನ್ನಿನ ಕ್ಲೇರ್ ರಿಂಡ್ ಮತ್ತು ಪೀಟರ್ ಸಿಮನ್ಸ್ ಮಿಡತೆಗಳಿಗೆ ‘ಸ್ಟಾರ್ ವಾರ್ಸ್’ ಸಿನಿಮಾದ ತುಣುಕು ತೋರಿಸಿ ಮಿದುಳಿನ ಒಂದು ನರಕೋಶದ ಮಿಡಿತ ಅಳೆದರು. ಆಕಾಶನೌಕೆಗಳು ಎದುರಿಗೆ ನುಗ್ಗಿ ಬಂದಾಗ ಕೋಶ ಜೋರಾಗಿ ಮಿಡಿಯಿತು. 2005ರಲ್ಲಿ ಅವರಿಗೆ ತಮಾಷೆಯ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಬಹುಮಾನ ಬಂತು, ಅದೂ ಶಾಂತಿಗಾಗಿ!

● ಕತ್ತಲಲ್ಲಿ ಒಬ್ಬರ ಕೀಲುಗಳಿಗೆ ಹತ್ತು–ಹನ್ನೆರಡು ಪುಟ್ಟ ದೀಪ ಕಟ್ಟಿ. ನಿಂತಿದ್ದರೆ ಬರೀ ಚುಕ್ಕೆಗಳು. ಹೆಜ್ಜೆ ಹಾಕಿದರೆ ಸಾಕು, ಮನುಷ್ಯ ನಡೆಯುತ್ತಿದ್ದಾನೆ ಎಂದು ಒಂದು ಸೆಕೆಂಡು ತುಂಬುವ ಮೊದಲೇ ಗೊತ್ತಾಗುತ್ತದೆ. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಇದನ್ನು ಪ್ರಕಟಿಸಿದರು. ಕ್ರೀಡಾ ಬೂಟಿನ ಜಾಹೀರಾತು ನೆರಳಿನ ಓಟದಿಂದ ಶುರುವಾದರೂ ನಮಗೆ ಅರ್ಥವಾಗುವುದು ಈ ಬಲದಿಂದ.

● 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬಿಬ್ಬರು ಎರಡು ತ್ರಿಕೋನ, ಒಂದು ವೃತ್ತ ಓಡಾಡುವ ಪುಟ್ಟ ಚಿತ್ರ ಮಾಡಿದರು. ಏನು ಕಂಡಿತು ಎಂದು 34 ಮಂದಿಯನ್ನು ಕೇಳಿದರೆ 33 ಮಂದಿ ಜೀವಿಗಳ ಕಥೆ ಹೇಳಿದರು: ಜಗಳ, ಅಟ್ಟಾಟ, ಹೆದರಿಕೆ. ರೇಖಾಗಣಿತದ ಮಾತಾಡಿದ್ದು ಒಬ್ಬರು ಮಾತ್ರ. ಪಿಕ್ಸಾರ್ ಕಂಪನಿ 1986ರಲ್ಲಿ ಮೇಜಿನ ದೀಪವನ್ನು ಮಗುವಿನಂತೆ ಕುಣಿಸಿ ‘ಲಕ್ಸೊ ಜೂನಿಯರ್’ ಮಾಡಿತು. ‘ಟಾಯ್ ಸ್ಟೋರಿ’ಗೆ ಮುಂಚೆ ಆ ಕಂಪನಿ ಜಾಹೀರಾತುಗಳನ್ನೂ ಮಾಡುತ್ತಿತ್ತು ಎಂಬುದು ನಿಮಗೆ ಗೊತ್ತಿತ್ತೇ?

● ಜಾದೂಗಾರ ನಾಣ್ಯ ಹಿಡಿದ ಕೈಯನ್ನು ನೆಟ್ಟಗೆ ಎಳೆದರೆ ನೋಡುಗನ ಕಣ್ಣು ಕೊನೆಗೆ ಹಾರಿ, ಮತ್ತೆ ಮೊದಲಿನ ಜಾಗಕ್ಕೆ ಮರಳಬಹುದು. ಕಮಾನಿನಂತೆ ಬಳಸಿ ತಂದರೆ ಕಣ್ಣು ಕೈಯ ಬೆನ್ನು ಬಿಡುವುದಿಲ್ಲ. 2011ರಲ್ಲಿ ಅಪೊಲೊ ರಾಬಿನ್ಸ್ ಎಂಬ ಜಾದೂಗಾರನೊಂದಿಗೆ ನರವಿಜ್ಞಾನಿಗಳು ಇದನ್ನು ಅಳೆದು ನೋಡಿದರು. ಜಾಹೀರಾತಿನಲ್ಲಿ ಹಾಲಿನ ಧಾರೆ, ಸೀರೆಯ ಸೆರಗು ಬಳುಕಿ ಬಂದು ಸರಕಿನ ಬಳಿ ನಿಂತರೆ ನೋಟವೂ ಜೊತೆಯಲ್ಲೇ ಬರುತ್ತದೆ.

● ಹಲವರು ಒಂದೇ ವಿಡಿಯೊ ನೋಡುವಾಗ ಎಲ್ಲರ ಕಣ್ಣೂ ಒಂದೇ ಜಾಗಕ್ಕೆ ಹೋಗುವ ಕ್ಷಣಗಳಿರುತ್ತವೆ. ಬಣ್ಣ, ಹೊಳಪು, ಅಂಚು ಇವೆಲ್ಲಕ್ಕಿಂತ ಆ ಜಾಗವನ್ನು ಚೆನ್ನಾಗಿ ಮುನ್ಸೂಚಿಸುವುದು ಚಲನೆ. 2011ರಲ್ಲಿ ಬ್ರಿಟನ್ನಿನ ಟಿಮ್ ಸ್ಮಿತ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಸಾರ ಇದು.

ಐದು ಸೆಕೆಂಡಿನ ಸಂತೆ

● ಯೂಟ್ಯೂಬ್ ‘ಸ್ಕಿಪ್’ ಗುಂಡಿ ತಂದದ್ದು 2010ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ಕಥೆ ನಿಧಾನಕ್ಕೆ ಕಟ್ಟಿ ಕೊನೆಯಲ್ಲಿ ಸರಕು ತೋರಿಸುವುದು ಜಾಹೀರಾತಿನ ಪದ್ಧತಿ. ಆ ಒಂದು ಗುಂಡಿ ಕಥೆಯ ಬಾಲವನ್ನು ತಲೆಗೆ ತಂದಿತು. 2016ರಲ್ಲಿ ಆರು ಸೆಕೆಂಡಿನ ‘ಬಂಪರ್’ ಬಂತು. ಅದನ್ನು ದಾಟಿಸಲಾಗದು, ಆದರೆ ಶುರುವಾಗುವಷ್ಟರಲ್ಲಿ ಮುಗಿದಿರುತ್ತದೆ!

● ‘ನೋಡಿದರು’ ಎಂದರೇನು? ಒಬ್ಬೊಬ್ಬರ ಲೆಕ್ಕ ಒಂದೊಂದು. ಅಮೆರಿಕದ ಮಾಧ್ಯಮ ಮಾಪನ ಮಂಡಳಿಗೆ, ಜಾಹೀರಾತಿನ ಅರ್ಧ ಭಾಗ ಎರಡು ಸೆಕೆಂಡು ಕಂಡರೆ ಸಾಕು. ಫೇಸ್‌ಬುಕ್‌ಗೆ ಬಹುಕಾಲ ಮೂರು ಸೆಕೆಂಡು. ಯೂಟ್ಯೂಬ್‌ನ ಸ್ಕಿಪ್ ಮಾಡಬಹುದಾದ ಜಾಹೀರಾತಿಗೆ ಬಹುಕಾಲದ ಅಳತೆ 30 ಸೆಕೆಂಡು. ಮೊದಲ ಮೂರು ಸೆಕೆಂಡು ನೋಡಿದವರ ಪ್ರಮಾಣಕ್ಕೆ ಈ ವೃತ್ತಿಯವರ ಆಡುಮಾತಿನಲ್ಲಿ ‘ಹುಕ್ ರೇಟ್’ ಎನ್ನುತ್ತಾರೆ. ಸರಸರ ಸರಿಸುವ ಬೆರಳನ್ನು ನಿಲ್ಲಿಸಿದ ವಿಡಿಯೊ ‘ಥಂಬ್ ಸ್ಟಾಪರ್’.

● ಚಲನೆಯ ಬೆಲೆ ಏರಿದ್ದು ಸದ್ದು ಅಡಗಿದ್ದರಿಂದ. ಫೇಸ್‌ಬುಕ್ 2013ರಿಂದ ಫೀಡಿನಲ್ಲಿ ವಿಡಿಯೊಗಳನ್ನು ತಾನಾಗಿ ಓಡಿಸತೊಡಗಿತು, ಆದರೆ ದನಿಯಿಲ್ಲದೆ. 2018ರಲ್ಲಿ ಗೂಗಲ್‌ನ ಕ್ರೋಮ್ ಬ್ರೌಸರ್ ಕೂಡ ಕೇಳದೆ ಸದ್ದು ಮಾಡುವ ವಿಡಿಯೊಗಳಿಗೆ ತಡೆ ಹಾಕಿತು. ಜಿಂಗಲ್ ಹಾಡಿ ಅಡುಗೆಮನೆಯಿಂದ ಜನರನ್ನು ಕರೆಯುತ್ತಿದ್ದ ಕಾಲ ಹೋಯಿತು. ಕರೆಯುವ ಕೆಲಸವೂ ಚಿತ್ರದ ಹೆಗಲಿಗೇ ಬಿತ್ತು.

● ಗೂಗಲ್ ಜಾಹೀರಾತುದಾರರಿಗೆ ಹೇಳಿಕೊಡುವ ಪಾಠಕ್ಕೆ ‘ಎ–ಬಿ–ಸಿ–ಡಿ’ ಎಂದೇ ಹೆಸರು. ‘ಎ’ ಎಂದರೆ ಅಟೆನ್ಷನ್, ಗಮನ. ಅದರ ಸಲಹೆ: ಪೀಠಿಕೆ ಬೇಡ, ಘಟನೆಯ ನಡುವಿನಿಂದಲೇ ಶುರು ಮಾಡಿ, ಹತ್ತಿರದಿಂದ ತೋರಿಸಿ, ದೃಶ್ಯಗಳನ್ನು ಚುರುಕಾಗಿ ಬದಲಿಸಿ. ಅಂಗೈಯಗಲದ ಪರದೆಯಲ್ಲಿ ದೂರದ ಓಟ ಇರುವೆಯ ಓಟದಂತೆ ಕಾಣುತ್ತದೆ, ಅದಕ್ಕೇ ಹತ್ತಿರದ ಶಾಟು.

● ಈ ಪಾಠವನ್ನು ತಲೆಕೆಳಗು ಮಾಡಿ ಗೆದ್ದದ್ದು ಅಮೆರಿಕದ ವಿಮಾ ಕಂಪನಿ ಗೈಕೊ. 2015ರ ಆ ಜಾಹೀರಾತಿನಲ್ಲಿ ಊಟದ ಮೇಜಿನ ಸುತ್ತ ಒಂದು ಸಂಸಾರ. ಐದು ಸೆಕೆಂಡಿನೊಳಗೆ ಮಾತು ಮುಗಿಸಿ, ಇನ್ನು ನೀವು ಸ್ಕಿಪ್ ಮಾಡಲಾರಿರಿ, ಜಾಹೀರಾತು ಆಗಲೇ ಮುಗಿಯಿತು ಎಂದು ಘೋಷಣೆ. ಎಲ್ಲರೂ ಇದ್ದಲ್ಲೇ ಕಲ್ಲಾಗುತ್ತಾರೆ. ಕಂಪ್ಯೂಟರ್ ಕೈಚಳಕ ಅಲ್ಲ, ನಟರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಆದರೆ ಮನೆಯ ದೊಡ್ಡ ನಾಯಿಗೆ ಈ ಒಪ್ಪಂದ ಗೊತ್ತಿಲ್ಲ! ಅದು ಮೇಜು ಹತ್ತಿ ಒಬ್ಬೊಬ್ಬರ ತಟ್ಟೆಯನ್ನೂ ಖಾಲಿ ಮಾಡುತ್ತದೆ. ಸ್ತಬ್ಧ ಮನುಷ್ಯರ ನಡುವೆ ಚಲಿಸುವುದು ಅದೊಂದೇ, ಕಣ್ಣು ಕೀಳುವುದು ಹೇಗೆ? ಕಾನ್ ಜಾಹೀರಾತು ಉತ್ಸವದ ಚಲನಚಿತ್ರ ವಿಭಾಗದಲ್ಲಿ ಅದಕ್ಕೆ ಗ್ರ್ಯಾಂಡ್ ಪ್ರಿ ಬಂತು.

● ಜಾಹೀರಾತನ್ನು ಓಡಿಸಿಬಿಟ್ಟರೆ ಅದು ವ್ಯರ್ಥವೇ? 2008ರಲ್ಲಿ ಅಮೆರಿಕದ ಬ್ರ್ಯಾಸೆಲ್ ಮತ್ತು ಗಿಪ್ಸ್ ಅಳೆದು ನೋಡಿದಾಗ, ಫಾಸ್ಟ್ ಫಾರ್ವರ್ಡ್ ಮಾಡುವವರು ಪರದೆಯನ್ನು ಇನ್ನೂ ಹೆಚ್ಚು ನೆಟ್ಟ ನೋಟದಿಂದ ನೋಡುತ್ತಿದ್ದರು, ಅದೂ ನಟ್ಟನಡುವೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಬೇಕಲ್ಲ! ಹೆಸರು ಪರದೆಯ ಮಧ್ಯದಲ್ಲಿದ್ದರೆ ಓಡಿಸಿದ ಜಾಹೀರಾತೂ ಕೆಲಸ ಮಾಡುತ್ತದೆ.

ನಾವು ಕಣ್ಣು ಕೀಲಿಸಿದ ಜಾಹೀರಾತುಗಳು

● ನಿರ್ಮಾ ಪೊಟ್ಟಣದ ಮೇಲಿನ ಬಿಳಿ ಫ್ರಾಕಿನ ಹುಡುಗಿ ಗಿರ್‍ರನೆ ತಿರುಗುವುದು ಯಾರಿಗೆ ನೆನಪಿಲ್ಲ? ಒಂದೇ ಸುತ್ತಿನಲ್ಲಿ ಬಟ್ಟೆಯ ಬಿಳುಪು, ಅಗಲ, ಹಗುರ ಎಲ್ಲವೂ ಕಾಣಬೇಕು. ಚಲನೆಯೂ ಸರಕಿನ ಗುಣವೂ ಬೇರೆಬೇರೆಯಾಗಿರಲಿಲ್ಲ.

● 1970ರ ದಶಕದ ಲಿರಿಲ್ ಸಾಬೂನಿನ ಜಲಪಾತ ಇರುವುದು ಕೊಡೈಕನಾಲ್‌ನಲ್ಲಿ. ಅಲಿಕ್ ಪದಂಸಿಯವರ ಲಿಂಟಾಸ್ ಜಾಹೀರಾತು ಸಂಸ್ಥೆ ಪಾಂಬಾರ್ ಜಲಪಾತದಡಿ ರೂಪದರ್ಶಿ ಕ್ಯಾರೆನ್ ಲುನೆಲ್ ಅವರನ್ನು ಚಿತ್ರಿಸಿತು. ಆಮೇಲೆ ಆ ಜಲಪಾತಕ್ಕೇ ಲಿರಿಲ್ ಜಲಪಾತ ಎಂಬ ಹೆಸರು ಅಂಟಿತು!

● 1994ರ ಕ್ಯಾಡ್ಬರಿ ಜಾಹೀರಾತಿನಲ್ಲಿ ಬ್ಯಾಟರ್ ಸಿಕ್ಸರ್ ಹೊಡೆದಾಗ ಸಾಲಾಗಿ ಕೂತ ಪ್ರೇಕ್ಷಕರ ನಡುವಿನಿಂದ ಒಬ್ಬಳು ಎದ್ದು, ಕಾವಲುಗಾರನನ್ನು ತಪ್ಪಿಸಿ ಮೈದಾನಕ್ಕೆ ನುಗ್ಗಿ ಕುಣಿಯುತ್ತಾಳೆ. ಕಲಿತ ನೃತ್ಯವಲ್ಲ, ಮನಸ್ಸಿಗೆ ಬಂದ ಕುಣಿತ. 2021ರಲ್ಲಿ ಅದನ್ನೇ ತಿರುಗಿಸಿ, ಆಡುವವಳು ಹುಡುಗಿ, ಕುಣಿಯುವವನು ಹುಡುಗ ಎಂದು ಮತ್ತೆ ಮಾಡಿದರು.

● 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್ ನಾಯಿಯ ಹೆಸರು ಚೀಕಾ. ಹುಡುಗ ಹೋದಲ್ಲೆಲ್ಲ ಪುಟುಪುಟು ಹೆಜ್ಜೆಯಿಟ್ಟು ಹಿಂಬಾಲಿಸುವುದಷ್ಟೇ ಕಥೆ. ನಿರ್ದೇಶಿಸಿದ ಪ್ರಕಾಶ್ ವರ್ಮಾ ಅವರ ನಿರ್ವಾಣ ಫಿಲ್ಮ್ಸ್ ನಮ್ಮ ಬೆಂಗಳೂರಿನದು. ದೃಶ್ಯದಲ್ಲಿ ಏನಾದರೂ ಬದಲಾದಾಗ ವಾಹನಗಳಿಗಿಂತ ಪ್ರಾಣಿ ಮತ್ತು ಮನುಷ್ಯರಲ್ಲಾದ ಬದಲಾವಣೆಯನ್ನು ನಾವು ಬೇಗ ಗುರುತಿಸುತ್ತೇವೆ ಎಂದು 2007ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಪಗ್ ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ.

● 2009ರ ಐಪಿಎಲ್‌ನಲ್ಲಿ ಮನೆಮಾತಾದ ವೊಡಾಫೋನ್ ಝೂಝೂಗಳು ಅನಿಮೇಷನ್ ಎಂದುಕೊಂಡಿದ್ದೀರಾ? ಅಲ್ಲ! ಬಿಳಿ ಬಟ್ಟೆಯ ಪದರಗಳೊಳಗೆ ಇದ್ದವರು ಮನುಷ್ಯರು, ಹೆಚ್ಚಿನವರು ತೆಳು ಮೈಯ ಹೆಂಗಸರು. ಇದೂ ನಿರ್ವಾಣದ್ದೇ ಕೆಲಸ, ಚಿತ್ರೀಕರಣ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಸೆಕೆಂಡಿಗೆ ಕಡಿಮೆ ಫ್ರೇಮು ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದರೆ ನಡೆ ತುಸು ಚುರುಕಾಗುತ್ತದೆ, ತುಸು ಕುಪ್ಪಳಿಸುತ್ತದೆ. ಝೂಝೂಗಳ ಆ ವಿಚಿತ್ರ ಲವಲವಿಕೆಯ ಗುಟ್ಟು ಅದು. ಹಿನ್ನೆಲೆ ಬರೀ ಬೂದು. ಅಲುಗುವುದು ಝೂಝೂ ಮಾತ್ರ.

● ಫೆವಿಕಾಲ್ ಬಸ್ಸಿನ ಜಾಹೀರಾತು ಇನ್ನೊಂದು ಬಗೆಯ ಪಾಠ. ಮರುಭೂಮಿಯ ದಾರಿಯಲ್ಲಿ ಬಸ್ಸು ಕುಲುಕಾಡುತ್ತ ಸಾಗುತ್ತದೆ, ಸುತ್ತಲೂ ಜೋತುಬಿದ್ದ ಜನ ಒಬ್ಬರೂ ಬೀಳುವುದಿಲ್ಲ. ಬಸ್ಸಿನ ಅಲುಗಾಟ ನಮ್ಮನ್ನು ಕರೆಯುತ್ತದೆ, ಜನರ ಅಂಟು ಸರಕು ಮಾರುತ್ತದೆ.

● 2021ರಲ್ಲಿ ಬೆಂಗಳೂರಿನದೇ ಕಂಪನಿಯಾದ ಕ್ರೆಡ್, ‘ದಿ ವಾಲ್’ ಎಂದೇ ಹೆಸರಾದ ರಾಹುಲ್ ದ್ರಾವಿಡ್‌ರನ್ನು ಟ್ರಾಫಿಕ್ ಜಾಮಿನಲ್ಲಿ ಕೂರಿಸಿತು. ಸುತ್ತ ಮಿಸುಕದ ವಾಹನಗಳು, ನಡುವೆ ಕಾರಿನಿಂದ ಎದ್ದು ಬ್ಯಾಟು ಬೀಸಿ ಇಂದಿರಾನಗರದ ಗೂಂಡಾ ನಾನು ಎಂದು ಅಬ್ಬರಿಸುವ ದ್ರಾವಿಡ್. ಕದಲದವರೆಂದು ದೇಶವೇ ನಂಬಿದ್ದವರು ಕದಲಿದಾಗ ಯಾರು ತಾನೆ ಸ್ಕಿಪ್ ಒತ್ತುತ್ತಾರೆ?

ಉರುಳುವ ಚಕ್ರ, ಕದಲದ ಮುಖ

● 2003ರ ಹೋಂಡಾ ‘ಕಾಗ್’ ಶುರುವಾಗುವುದು ಉರುಳುವ ಒಂದೇ ಒಂದು ಬೇರಿಂಗಿನಿಂದ. ಅದು ಇನ್ನೊಂದನ್ನು ತಳ್ಳುತ್ತದೆ, ಅದು ಮತ್ತೊಂದನ್ನು. ಕಾರಿನ ಬಿಡಿಭಾಗಗಳ ಈ ಸರಪಣಿ ಎರಡು ನಿಮಿಷ ಸಾಗುತ್ತದೆ. ಮುಂದೇನು ಎಂಬ ಪ್ರಶ್ನೆಯೇ ಅಂಟು.

● 2005ರಲ್ಲಿ ಸೋನಿ ಬ್ರಾವಿಯಾ ಟಿ.ವಿ.ಗಾಗಿ ಸ್ಯಾನ್‌ಫ್ರಾನ್ಸಿಸ್ಕೊದ ಇಳಿಜಾರು ಬೀದಿಗಳಲ್ಲಿ ಸುಮಾರು 2,50,000 ಬಣ್ಣದ ಚೆಂಡುಗಳನ್ನು ನಿಜವಾಗಿ ಸುರಿದರು. ಅಷ್ಟು ಚೆಂಡು ನಿಜ ವೇಗದಲ್ಲಿ ಗೊಂದಲ. ನಿಧಾನಗತಿಯಲ್ಲಿ ತೋರಿಸಿದಾಗ ಪ್ರತಿ ಚೆಂಡಿಗೂ ಒಂದು ಹಾದಿ.

● ನಿಧಾನಗತಿಗೆ ಇನ್ನೊಂದು ಮುಖವಿದೆ. ಒಂದು ಕೃತ್ಯವನ್ನು ಸ್ಲೋ ಮೋಷನ್‌ನಲ್ಲಿ ನೋಡಿದವರಿಗೆ ಅದು ಬೇಕೆಂದೇ ಮಾಡಿದಂತೆ ಕಾಣುವುದು ಹೆಚ್ಚು ಎಂದು 2016ರ ಅಮೆರಿಕದ ಅಧ್ಯಯನ ಕಂಡುಕೊಂಡಿತು. ಅಲ್ಲಿ ಚರ್ಚೆಯಾದದ್ದು ಜಾಹೀರಾತಲ್ಲ, ನ್ಯಾಯಾಲಯದ ಸಾಕ್ಷ್ಯ!

● 2013ರ ವೋಲ್ವೊ ಟ್ರಕ್ ಜಾಹೀರಾತು ತೆರೆಯುವುದು ನಟ ವ್ಯಾನ್ ಡ್ಯಾಮ್ ಅವರ ಕಣ್ಣು ಮುಚ್ಚಿದ ಮುಖದಿಂದ. ಮುಖ ಕದಲದು, ಆದರೆ ಹಿಂದೆ ನೆಲ ಸರಿಯುತ್ತಿದೆ. ಕ್ಯಾಮೆರಾ ಹಿಂದೆ ಸರಿದಂತೆ ತಿಳಿಯುತ್ತದೆ: ಎರಡು ಟ್ರಕ್ಕುಗಳ ಕನ್ನಡಿಗಳ ಮೇಲೆ ಒಂದೊಂದು ಕಾಲು, ಟ್ರಕ್ಕುಗಳು ಹಿಮ್ಮುಖವಾಗಿ ಓಡುತ್ತಿವೆ, ನಡುವಿನ ಅಂತರ ಹಿಗ್ಗುತ್ತಿದೆ. ಇದು ಸ್ಟೀರಿಂಗ್ ಎಷ್ಟು ಕರಾರುವಾಕ್ಕು ಎಂದು ತೋರಿಸುವ ಜಾಹೀರಾತು.

● 1984ರ ಜನವರಿ 22ರಂದು ಪ್ರಸಾರವಾದ ಆ್ಯಪಲ್ ಜಾಹೀರಾತಿನಲ್ಲಿ ಬೂದು ಬಣ್ಣದ ಜನ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಅವರ ನಡುವೆ ಕೆಂಪು ಚಡ್ಡಿಯ ಓಟಗಾರ್ತಿ. ಎಲ್ಲರೂ ಚಲಿಸುತ್ತಿದ್ದಾಗ ಬೇರೆ ಲಯದವರೇ ಎದ್ದು ಕಾಣುತ್ತಾರೆ ಎಂಬುದನ್ನು ನಿರ್ದೇಶಕ ರಿಡ್ಲಿ ಸ್ಕಾಟ್ ಚೆನ್ನಾಗಿ ಬಲ್ಲವರು.

● 2006ರಲ್ಲಿ ಕಾನ್‌ನಲ್ಲಿ ಗ್ರ್ಯಾಂಡ್ ಪ್ರಿ ಗೆದ್ದ ಗಿನೆಸ್ ಬಿಯರ್ ಜಾಹೀರಾತಿನಲ್ಲಿ ಪಬ್ಬಿನಲ್ಲಿದ್ದ ಮೂವರು ಹಿಂದುಹಿಂದಕ್ಕೆ ನಡೆಯುತ್ತಾರೆ. ಅವರೊಂದಿಗೆ ಇಡೀ ಜೀವವಿಕಾಸವೇ ಹಿಂದೆ ಓಡುತ್ತದೆ.

ಚಲನೆ ಕೈಕೊಟ್ಟಾಗ

● ಒಂದು ಚಲನೆ ಇನ್ನೊಂದನ್ನು ನುಂಗುತ್ತದೆ. 1999ರ ಸೈಮನ್ಸ್ ಮತ್ತು ಶಬ್ರೀ ಪ್ರಯೋಗದಲ್ಲಿ ಚೆಂಡಿನ ಪಾಸುಗಳನ್ನು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ, ನಡುವೆ ಬಂದು ಎದೆ ಬಡಿದುಕೊಂಡು ಹೋದ ಗೊರಿಲ್ಲಾ ವೇಷಧಾರಿಯನ್ನು ಕಾಣಲೇ ಇಲ್ಲ! 2008ರಲ್ಲಿ ಲಂಡನ್ ಸಾರಿಗೆ ಸಂಸ್ಥೆ ಇದೇ ತಂತ್ರದಲ್ಲಿ ಮೂನ್‌ವಾಕ್ ಮಾಡುವ ಕರಡಿಯನ್ನು ಬಿಟ್ಟು ಜಾಹೀರಾತು ಮಾಡಿತು. ಸಂದೇಶ: ಹುಡುಕದಿದ್ದದ್ದು ಕಾಣುವುದಿಲ್ಲ, ರಸ್ತೆಯಲ್ಲಿ ಸೈಕಲ್ ಸವಾರರ ಮೇಲೆ ನಿಗಾ ಇರಲಿ.

● ಕಣ್ಣು ಬಂತು, ಹೆಸರು ಉಳಿಯಲಿಲ್ಲ ಎಂಬ ರೋಗಕ್ಕೆ ಈ ವೃತ್ತಿಯಲ್ಲಿ ‘ವ್ಯಾಂಪೈರ್ ಎಫೆಕ್ಟ್’ ಎನ್ನುತ್ತಾರೆ. ಕುಣಿಯುವ ತಾರೆ ಸರಕಿನ ರಕ್ತ ಹೀರಿಬಿಡುತ್ತಾಳೆ. ಜಾಹೀರಾತು ಚೆನ್ನಾಗಿತ್ತು, ಯಾವುದರದ್ದೋ ನೆನಪಿಲ್ಲ ಎಂದು ನೀವೂ ಹೇಳಿರುತ್ತೀರಿ.

● ಜಾಲತಾಣಗಳಲ್ಲಿ ಮಿನುಗುವ ಪಟ್ಟಿಗಳನ್ನು ಜನ ನೋಡದಿರಲು ಬೇಗ ಕಲಿತರು. ಈ ‘ಬ್ಯಾನರ್ ಕುರುಡು’ 1998ರಲ್ಲೇ ಅಧ್ಯಯನದಲ್ಲಿ ದಾಖಲಾಯಿತು. ಬ್ಯಾನರ್ ಜಾಹೀರಾತು ಹುಟ್ಟಿ ಆಗಿನ್ನೂ ನಾಲ್ಕೇ ವರ್ಷ!

● ಹೆಚ್ಚು ಹೊತ್ತು ಜಲಪಾತ ದಿಟ್ಟಿಸಿ ಪಕ್ಕದ ಬಂಡೆ ನೋಡಿದರೆ ಬಂಡೆ ಮೇಲೇರಿದಂತೆ ಕಾಣುತ್ತದೆ. ರಾಬರ್ಟ್ ಆ್ಯಡಮ್ಸ್ 1834ರಲ್ಲಿ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಬಳಿ ಇದನ್ನು ವರ್ಣಿಸಿದರು. ಒಂದೇ ದಿಕ್ಕಿನ ಚಲನೆಗೆ ಕಣ್ಣು ಒಗ್ಗಿಹೋಗುವುದರ ಫಲ ಇದು. ಜೋಗದಲ್ಲಿ ಮಳೆಗಾಲದಲ್ಲಿ ನೀವೇ ಪರೀಕ್ಷಿಸಬಹುದು.

● ಕಣ್ಣು ಕುಕ್ಕುವ ಚಲನೆ ಅಪಾಯಕಾರಿಯೂ ಹೌದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಂತೊಂದರ ಕೆಂಪು–ನೀಲಿ ಮಿಂಚಾಟ ನೋಡಿದ ಸುಮಾರು 700 ಮಂದಿ, ಹೆಚ್ಚಾಗಿ ಮಕ್ಕಳು, ಆಸ್ಪತ್ರೆ ಸೇರಿದರು. 2007ರಲ್ಲಿ ಲಂಡನ್ ಒಲಿಂಪಿಕ್ಸ್ ಲಾಂಛನದ ಪ್ರಚಾರ ವಿಡಿಯೊ ಕೆಲವರಿಗೆ ಅಪಸ್ಮಾರ ತರಿಸಿದ ದೂರು ಬಂದು ಒಂದು ತುಣುಕನ್ನು ತೆಗೆಯಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೇಡ ಎಂಬ ನಿಯಮ ಈಗ ಟಿ.ವಿ. ಮತ್ತು ಜಾಲತಾಣ ಎರಡರ ಮಾರ್ಗಸೂಚಿಗಳಲ್ಲೂ ಇದೆ.

● ಜಾಲತಾಣಗಳ ಅಂತರರಾಷ್ಟ್ರೀಯ ಸುಗಮ್ಯತಾ ಸೂತ್ರಗಳ ಪ್ರಕಾರ, ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಅಲುಗುವ ಯಾವುದನ್ನೇ ಆಗಲಿ ನಿಲ್ಲಿಸಲು ಓದುಗರಿಗೆ ದಾರಿ ಇರಬೇಕು. ಗೂಗಲ್ ಕೂಡ ಅನಿಮೇಟೆಡ್ ಚಿತ್ರ ಜಾಹೀರಾತುಗಳು 30 ಸೆಕೆಂಡಿನ ಬಳಿಕ ನಿಲ್ಲಲೇಬೇಕು ಎನ್ನುತ್ತದೆ.

● 2013ರಲ್ಲಿ ಐಫೋನಿನ ಹೊಸ ತಂತ್ರಾಂಶದ ಹಿಗ್ಗುವ–ಜಾರುವ ಪರದೆ ನೋಡಿ ತಲೆಸುತ್ತು ಬರುತ್ತಿದೆ ಎಂದು ಜನ ದೂರಿದರು. ‘ರೆಡ್ಯೂಸ್ ಮೋಷನ್’ ಆಯ್ಕೆಯಿಂದ ಆ ಚಲನೆಗಳನ್ನು ತಗ್ಗಿಸಲು ಕಂಪನಿ ಅವಕಾಶ ಮಾಡಿಕೊಟ್ಟಿತು. ಆಂಡ್ರಾಯ್ಡ್ ಫೋನುಗಳಲ್ಲೂ ಅನಿಮೇಷನ್ ತೆಗೆದುಹಾಕುವ ಆಯ್ಕೆ ಇದೆ. ಯೂಟ್ಯೂಬ್ ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ ‘ಪ್ಲೇಬ್ಯಾಕ್ ಇನ್ ಫೀಡ್ಸ್’ ಅನ್ನು ಆಫ್ ಮಾಡಿದರೆ ಪಟ್ಟಿಯಲ್ಲಿರುವ ವಿಡಿಯೊಗಳು ತಾವಾಗಿ ಓಡುವುದು ನಿಲ್ಲುತ್ತದೆ. ಇಷ್ಟೆಲ್ಲ ತಿಳಿದ ಮೇಲೂ ನಿಮ್ಮ ಕಣ್ಣು ಅಲುಗಿದ್ದರತ್ತ ಹೋಗಿಯೇ ತೀರುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಆಫ್ ಗುಂಡಿ ಮಾತ್ರ ನಿಮ್ಮ ಕೈಯಲ್ಲೇ ಇದೆ!